ಮುತ್ಯಾನ ಸಮಾಧಿ ಸಿಕ್ಕಿದೆ, ಕಲ್ಲು ಹಾಕಿಸುವ ಬಗ್ಗೆ

ಎಲ್ಲರಿಗೂ ಶರಣು.

ಬನ್ನಿಗಿಡದ ಹೊಲದಲ್ಲಿ ಮುತ್ಯಾನ ಸಮಾಧಿ ಸಿಕ್ಕಿತು. ಬನ್ನಿಗಿಡ ಈಗಿಲ್ಲ, ಬರೀ ಬೊಡ್ಡೆ ಇದೆ. ಹಳೇ ಪಹಣಿಯ ಸರ್ವೆ ನಂಬರಿನಿಂದ ಹೊಲ ಗೊತ್ತಾಯಿತು, ಆದರೆ ಜಾಗ ತೋರಿಸಿದ್ದು ದೊಡ್ಡ ಅತ್ತೆ. ಬೊಡ್ಡೆಯಿಂದ ಮೂಡಣಕ್ಕೆ, ಬದುವಿಗೆ ಹತ್ತಿಕೊಂಡೇ ಇದೆ. ಬಳ್ಳಾರಿ ಜಾಲಿ ಕಡಿಸಿದ ಮೇಲೆ ಕಟ್ಟೆಯ ಕಲ್ಲುಗಳು ಕಂಡವು. ಒಂದರ ಮೇಲೆ ಸವೆದ ಲಿಂಗದ ಗುರುತು, ಕೈಯಾಡಿಸಿದರೆ ಮಾತ್ರ ತಿಳಿಯುತ್ತದೆ.

ಯಾರೂ ಸುಮ್ನೆ ಅಗೆಯಲು ಹೋಗಬೇಡಿ. ನಮ್ಮಲ್ಲಿ ತೀರಿಕೊಂಡವರನ್ನು ಕೂತ ಭಂಗಿಯಲ್ಲಿ ಕೂಡಿಸಿ, ಕೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಕೊಡುವುದು ಗೊತ್ತಲ್ಲ. ಹೊಸ ಕಲ್ಲಿನ ಪಾಯ ಪಕ್ಕಕ್ಕೇ ತೆಗೆಸೋಣ, ಕೆಳಗಿನ ಗಟ್ಟಿ ಗರಸು ಮಣ್ಣು ಸಿಗುವವರೆಗೆ. ಎರೆಭೂಮಿ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಮೇಲೆ ಮೇಲೆ ನಿಲ್ಲಿಸಿದ ಕಲ್ಲು ವಾಲುವುದೇ ಸೈ.

ಬಣ್ಣದಲ್ಲಿ ಬರೆಸುವುದು ಬೇಡ, ಅಳಿಸಿ ಹೋಗುತ್ತದೆ. ಕರಿಕಲ್ಲಿನಲ್ಲಿ ಅಕ್ಷರ ಕೊರೆಸೋಣ. ಹೆಸರು, ಊರು, ಇಸವಿ ಸಾಕು. ಕೆಳಗೆ ನಮ್ಮೆಲ್ಲರ ಹೆಸರು ಹಾಕಿಸುವ ಮಾತು ಬಂದಿದೆ. ಅದು ಜಾಸ್ತಿಯಾಯಿತು, ಅಲ್ವಾ?

ತೀರಿಕೊಂಡ ಇಸವಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಮುತ್ಯಾ ಹೋದ ಮೇಲೆ ವಾರಸಾ ಹೆಸರು ಹಚ್ಚಿಸಿದ ಹಳೇ ಉತಾರ (ಹೊಲದ ದಾಖಲೆ) ಯಾರ ಟ್ರಂಕಿನಲ್ಲಾದರೂ ಇದ್ದರೆ ಫೋಟೋ ಹಾಕಿ. ಕೊರೆಸಿದ ಮೇಲೆ ತಿದ್ದಲು ಬರುವುದಿಲ್ಲ.

ಹೊಲ ಈಗ ಬೇರೆಯವರದು. ಒಪ್ಪಿದ್ದಾರೆ, ಒಳ್ಳೆಯ ಜನ. ಆದರೂ ಸಮಾಧಿಯ ಜಾಗ, ಹೋಗಿಬರುವ ದಾರಿ ಎರಡನ್ನೂ ಒಂದು ಕಾಗದದಲ್ಲಿ ಬರೆಸಿಕೊಳ್ಳೋಣ. ಕೆಲಸ ಜೋಳದ ರಾಶಿ ಮುಗಿದ ಮೇಲೆ.

ಲೊಕೇಶನ್ ಕೆಳಗೆ ಹಾಕಿದ್ದೇನೆ. ನೋಡಲು ಬರುವವರು ಬೂಟು ಹಾಕಿಕೊಂಡು ಬನ್ನಿ, ಜಾಲಿಮುಳ್ಳು ಇನ್ನೂ ಅಲ್ಲೇ ಬಿದ್ದಿದೆ.