ಸಾವಾದ ಮನೆಗೂ ಕ್ರಿಸ್ಮಸ್ ಬರಲಿ

ಮಾನ್ಯರೇ,

ಕ್ರಿಸ್ಮಸ್ ತಯಾರಿಯ ಸುದ್ದಿಗಳು ಪತ್ರಿಕೆಯ ತುಂಬ ಬರುತ್ತಿರುವ ಈ ದಿನಗಳಲ್ಲಿ ಕರಾವಳಿಯ ನಮ್ಮ ಕ್ರೈಸ್ತ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಕಡೆ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ನಕ್ಷತ್ರ ತೂಗುಹಾಕುವುದಿಲ್ಲ, ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಕರಿಯುವುದಿಲ್ಲ. ಹೋದವರಿಗೆ ಸಲ್ಲಿಸುವ ಮರ್ಯಾದೆ ಅದು, ಒಪ್ಪುತ್ತೇನೆ. ಆದರೆ ಅದೇ ಮರ್ಯಾದೆಯ ಹೆಸರಿನಲ್ಲಿ ನೆರೆಹೊರೆಯವರೂ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಕ್ಯಾರೊಲ್ ತಂಡ ಗೇಟಿನ ಹತ್ತಿರ ಬಂದೊಡನೆ ಹಾಡು ನಿಲ್ಲಿಸಿ ಮುಂದೆ ಸಾಗುತ್ತದೆ. ಇದು ಸರಿಯಲ್ಲ.

ನನ್ನ ಯಜಮಾನರು ಕಳೆದ ಜೂನ್‌ನಲ್ಲಿ ತೀರಿಕೊಂಡರು. ನಮ್ಮ ಮನೆಯಲ್ಲಿ ಕುಸ್ವಾರಿನ ತಿಂಡಿಗಳಲ್ಲೊಂದಾದ ಕಿಡಿಯೊ ಮಾಡುವುದು ಅವರ ಕೆಲಸವಾಗಿತ್ತು. ಅದಕ್ಕೆಂದೇ ತೆಗೆದಿಟ್ಟ ಬಾಚಣಿಗೆಯ ಹಲ್ಲುಗಳ ಮೇಲೆ ಹಿಟ್ಟಿನ ಸಣ್ಣ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ಸುರುಳಿ ಸುತ್ತುತ್ತಿದ್ದರು. ಗೆರೆ ಸರಿಯಾಗಿ ಮೂಡದಿದ್ದರೆ ಮತ್ತೆ ಉಂಡೆ ಕಟ್ಟಿ ಮೊದಲಿನಿಂದ ಶುರು. ಈ ವರ್ಷ ಆ ಬಾಚಣಿಗೆಯನ್ನು ಕೈಗೆತ್ತಿಕೊಳ್ಳುವ ಶಕ್ತಿ ನನಗಿಲ್ಲ. ಆದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿ ಕಟ್ಟುತ್ತೇನೆ, ನಕ್ಷತ್ರವನ್ನೂ ತೂಗುಹಾಕುತ್ತೇನೆ. ಜನ ಏನೆಂದಾರು ಎಂದು ನಾದಿನಿ ಕೇಳಿದಳು. ಯೇಸು ಹುಟ್ಟಿದ್ದು ನಮ್ಮಂಥವರಿಗೂ ಅಲ್ಲವೇ ಎಂದೆ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದ ನಾಲ್ಕು ಮೇಣದಬತ್ತಿಗಳಲ್ಲಿ ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಬಣ್ಣದ್ದನ್ನು ಹಚ್ಚುವುದು ಮೂರನೆಯ ಭಾನುವಾರ, ಕಾಯುವುದು ಇನ್ನೂ ಬಾಕಿ ಇರುವಾಗಲೇ. ಅಂದಿನ ಪೂಜೆ ಆರಂಭವಾಗುವುದು ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಮಾತಿನಿಂದ. ಸದಾ ಆನಂದವಾಗಿರಿ ಎಂದು ಅವರು ಬರೆದದ್ದು ಸೆರೆಯಲ್ಲಿದ್ದುಕೊಂಡು. ಕ್ರಿಸ್ಮಸ್‌ನ ಮರುದಿನವೇ ಕಲ್ಲೇಟಿಗೆ ಬಲಿಯಾದ ಸಂತ ಸ್ತೇಫಾನರ ಹಬ್ಬ. ಡಿಸೆಂಬರ್ 28ರಂದು ಹೆರೋದನು ಕೊಲ್ಲಿಸಿದ ಬೆತ್ಲೆಹೇಮಿನ ಹಸುಗೂಸುಗಳ ಸ್ಮರಣೆ. ಮಕ್ಕಳನ್ನು ಕಳೆದುಕೊಂಡು ಅಳುವ ತಾಯಂದಿರಿಗೆ ಧರ್ಮಸಭೆ ಹಬ್ಬದ ವಾರದೊಳಗೇ ಜಾಗ ಕೊಟ್ಟಿರುವಾಗ, ಅಂಥವರನ್ನು ನಾವು ಹಬ್ಬದಿಂದ ಹೊರಗಿಡುವುದು ಯಾವ ನ್ಯಾಯ?

2010ರ ಮೇ 22ರಂದು ಮಂಗಳೂರಿನ ಬಜಪೆಯಲ್ಲಿ ವಿಮಾನ ದುರಂತವಾಗಿ 158 ಮಂದಿ ತೀರಿಕೊಂಡರು. ಗಲ್ಫಿನಿಂದ ಬರುವವರಿಗಾಗಿ ಕಾದು ಕುಳಿತಿದ್ದ ಎಷ್ಟೋ ಮನೆಗಳು ಒಂದೇ ಬೆಳಿಗ್ಗೆ ಸೂತಕದ ಮನೆಗಳಾದವು. ಆ ಡಿಸೆಂಬರಿನಲ್ಲಿ, ಮಗನನ್ನು ಕಳೆದುಕೊಂಡ ಪರಿಚಯದ ಬ್ಯಾರಿ ಮುಸ್ಲಿಂ ಕುಟುಂಬಕ್ಕೆ ಯಜಮಾನರು ಕುಸ್ವಾರ್ ತಟ್ಟೆ ಕೊಂಡೊಯ್ದಿದ್ದರು. ಕೊಡಲೋ ಬೇಡವೋ ಎಂದು ನಾನು ಅಳುಕಿದ್ದೆ. ಅವರಿಗೆ ಅಂಥ ಅಳುಕಿರಲಿಲ್ಲ. ಈ ಜೂನ್‌ನ ಮಳೆಯಲ್ಲಿ ನನ್ನ ಪಕ್ಕ ಬಂದು ಕುಳಿತವರು ಆ ಮನೆಯ ತಾಯಿಯೇ. ಮೊನ್ನೆ ದಾರಿಯಲ್ಲಿ ಸಿಕ್ಕಾಗ, "ಟೀಚರ್, ಈ ಸಲವೂ ನಕ್ಷತ್ರ ಹಾಕುತ್ತೀರಲ್ಲ?" ಎಂದು ಕೇಳಿದರು. ನನ್ನ ಜಾತಿಬಾಂಧವರು ಯಾರೂ ಕೇಳದ ಪ್ರಶ್ನೆ ಅದು.

ಆನಂದವೆಂದರೆ ಕಣ್ಣೀರು ಬತ್ತುವುದು ಎಂದು ನಾನು ನಂಬಿಲ್ಲ. ಸಮಾಧಿಯಾಚೆ ಬದುಕಿದೆ ಎಂದು ಭಾನುವಾರ ಭಾನುವಾರ ನಮ್ಮ ನಂಬಿಕೆಯನ್ನು ಸಾರುವ ವಿಶ್ವಾಸ ಸಂಗ್ರಹ ಹೇಳುವವರು ನಾವು. ಆ ಮಾತು ಸಾವಾದ ಮನೆಗೇ ಅಲ್ಲವೇ ಮೊದಲು ಬೇಕಾದದ್ದು?

ವಾಳೆಯ, ಅಂದರೆ ಚರ್ಚ್ ವಾರ್ಡಿನ, ಮುಖಂಡರಾದ ಗುರಿಕಾರರು ಕ್ಯಾರೊಲ್ ಹೋಗುವ ಮನೆಗಳ ಪಟ್ಟಿ ಮಾಡುವಾಗ ಈ ವರ್ಷ ಸಾವಾದ ಮನೆಗಳನ್ನು ಮೊದಲು ಬರೆಯಲಿ. ಬರುವ ಮುನ್ನ ಒಂದು ಮಾತು ಕೇಳಿ, ಬೇಡವೆಂದವರನ್ನು ಒತ್ತಾಯಿಸಬೇಡಿ. ನಾನಂತೂ ಬೇಡವೆನ್ನುವುದಿಲ್ಲ. ಮಕ್ಕಳು ಅಂಗಳದೊಳಗೆ ಬಂದೇ ಹಾಡಲಿ. ನಡುವೆ ನಾನು ಅತ್ತರೆ ಗಾಬರಿಯಾಗಬೇಡಿ, ಹಾಡು ನಿಲ್ಲಿಸಬೇಡಿ.

– ನಿವೃತ್ತ ಶಿಕ್ಷಕಿ, ಕಿನ್ನಿಗೋಳಿ