ಲೈನ್ ಮನೆಯವರ ಓಟು ಯಾಕೆ ಹೋಗಬೇಕು?

ಸಂಪಾದಕರೇ,

ಮೂಡಿಗೆರೆ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲು ಮನೆಗಳಿಗೆ, ಕೊಯ್ಲಿನ ಟೈಮಲ್ಲಿ ಹಗಲು ಹೋದರೆ ಕಾಣುವುದು ಬೀಗವೇ, ಎಲ್ಲರೂ ಹಣ್ಣು ಕೊಯ್ಯಲು ಹೋಗಿರುತ್ತಾರೆ. ಮತದಾರರ ಪಟ್ಟಿ ಪರಿಷ್ಕರಣೆಗೆ ಬಂದವರು ಆ ಬೀಗ ನೋಡಿ ಸುಮ್ನೆ 'ಸ್ಥಳಾಂತರ' ಎಂದು ಬರೆದುಕೊಂಡರೆ ಬಡವರ ಓಟು ಹೋದ ಹಾಗೇ ಅಲ್ವಾ? ಊರು ಬಿಟ್ಟಿದ್ದಾರೆ ಅಂತ ಹೆಸರು ತೆಗೆಯುವ ಮುಂಚೆ ಅವರ ಮಾತು ಕೇಳಲೇಬೇಕು ಎಂದು 1950ರ ಜನಪ್ರತಿನಿಧಿ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಬಾಗಿಲಿಗೆ ನೋಟಿಸ್ ಅಂಟಿಸಿದರೆ ಸಾಲದು, ಓದಲು ಬಾರದವರೂ ಇದ್ದಾರೆ. ಸಂಜೆ ಕೆಲಸ ಬಿಟ್ಟ ಮೇಲೆ ಬಂದು ಕೇಳಿ.

ಪಕ್ಷಗಳಿಗೂ ಇದೇ ಮಾತು. ಪ್ರಚಾರಕ್ಕೆ ಜೀಪು ಮಾಡಿಕೊಂಡು ತೋಟದೊಳಗೆ ಬರುವವರು ಪಟ್ಟಿ ಪರಿಷ್ಕರಣೆಯ ಹೊತ್ತಲ್ಲೂ ಬೂತ್ ಏಜೆಂಟರನ್ನು ಕಳಿಸಲಿ, ಕರಡು ಪಟ್ಟಿಯನ್ನು ಲೈನಿನಲ್ಲೇ ಗಟ್ಟಿಯಾಗಿ ಓದಿಸಲಿ, ಹೆಸರು ಇಲ್ಲದವರಿಗೆ ನಮೂನೆ 6, ತೋಟ ಬದಲಿಸಿದವರಿಗೆ ನಮೂನೆ 8 ತುಂಬಿಸಿಕೊಡಲಿ.

– ಒಬ್ಬ ಓದುಗ, ಮೂಡಿಗೆರೆ