ಊರಿನ ಕ್ಷೌರದಂಗಡಿ ಕೇರಿಯವರಿಗೂ ತೆರೆಯಲಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಅಣ್ಣನ ಮೊಮ್ಮಗ ಬಿ.ಎ. ಓದುತ್ತಿದ್ದಾನೆ. ಕಟಿಂಗ್ ಮಾಡಿಸಿಕೊಳ್ಳಬೇಕೆಂದರೆ ಅವನು ಯಾದಗಿರಿ ಜಿಲ್ಲೆಯ ನಮ್ಮ ಹಳ್ಳಿಯಿಂದ ಬಸ್ ಹತ್ತಿ ತಾಲ್ಲೂಕಿಗೆ ಹೋಗಬೇಕು. ಹಳ್ಳಿಯಲ್ಲಿ ಕ್ಷೌರದಂಗಡಿ ಇಲ್ಲವೆಂದಲ್ಲ. ಬಸ್ ನಿಲ್ಲುವ ಕಟ್ಟೆಯ ಎದುರಿಗೇ ಇದೆ. ದೊಡ್ಡ ಕನ್ನಡಿ ಇದೆ, ಎರಡು ಖುರ್ಚಿ ಇವೆ. ಆದರೆ ನಮ್ಮ ದಲಿತ ಕೇರಿಯ ಹುಡುಗರು ಬರುವುದು ಕಂಡರೆ ಶಟರ್ ಅರ್ಧ ಇಳಿಯುತ್ತದೆ. ‘ಇವತ್ತ ಕರೆಂಟ್ ಇಲ್ಲ’ ಎಂಬ ಉತ್ತರ ಬರುತ್ತದೆ, ಇಲ್ಲವೇ ‘ಬ್ಲೇಡ್ ಮುಗದಾವ, ನಾಳಿ ಬಾ’. ನಾಳೆ ಹೋದರೂ ಅದೇ ಮಾತು. ಊರಿನ ಹೆಸರನ್ನು ನಾನು ಬೇಕೆಂದೇ ಬರೆದಿಲ್ಲ. ಹುಡುಗ ಅಲ್ಲೇ ಬದುಕಬೇಕು. ಅಂಗಡಿಯವನಿಗೂ ಸಣ್ಣ ಮಕ್ಕಳಿದ್ದಾರೆ.

ಕಟಿಂಗ್, ದಾಡಿ ಅಷ್ಟು ದೊಡ್ಡ ಸಂಗತಿಯೇ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ನನಗಂತೂ ದೊಡ್ಡದು. ನಾನು ಚಿಕ್ಕವನಿದ್ದಾಗ ಕೇರಿಯ ಗಂಡಸರೆಲ್ಲ ಒಬ್ಬರ ತಲೆ ಇನ್ನೊಬ್ಬರು ಬೋಳಿಸಿಕೊಳ್ಳುತ್ತಿದ್ದರು. ನಮ್ಮ ಸಣ್ಣಪ್ಪನ ಹತ್ತಿರ ದರ್ಜಿಯೊಬ್ಬ ಬಿಸಾಕಿದ ಕತ್ತರಿ ಇತ್ತು, ಕಲ್ಲಿಗೆ ಉಜ್ಜಿ ಉಜ್ಜಿ ಸವೆದ ಒಂದು ಉಸ್ತರಾ ಇತ್ತು. ಬೇವಿನ ಗಿಡದ ಕೆಳಗೆ ಅಪ್ಪ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಮುಖಕ್ಕೆ ಬಿಸಿನೀರು, ಮೈಗೆ ಹಚ್ಚುವ ಸಾಬೂನಿನ ಚೂರು, ಅಷ್ಟೇ. ಮುಗಿಯುವ ಹೊತ್ತಿಗೆ ಗಲ್ಲದ ಮೇಲೆ ರಕ್ತ ಜಿನುಗುತ್ತಿತ್ತು, ಅವ್ವ ಅರಿಶಿಣ ಒತ್ತುತ್ತಿದ್ದಳು. ಅಪ್ಪ ಚರ್ಮ ಹದ ಮಾಡುವ ಕೆಲಸ ಬಲ್ಲವನು. ಊರಿನ ಕ್ಷೌರಿಕರು ಉಸ್ತರಾ ಮಸೆಯಲು ಬಳಸುತ್ತಿದ್ದ ಚರ್ಮದ ಪಟ್ಟಿಯನ್ನು ಹದ ಮಾಡಿ ಕೊಟ್ಟವನು ಅವನೇ. ಆ ಪಟ್ಟಿ ತೂಗುಬಿದ್ದಿದ್ದ ಜಾಗದಲ್ಲಿ ಒಂದು ಸಲವೂ ಕೂರದೆ ತೀರಿಹೋದ.

1983ರಲ್ಲಿ ಬಸ್ ಡಿಪೊದಲ್ಲಿ ಕೆಲಸ ಸಿಕ್ಕು ನಾನು ಕಲಬುರಗಿಗೆ ಬಂದೆ. ಆಗ ಗುಲಬರ್ಗಾ. ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಕ್ಷೌರದ ಕಸುಬಿನ ಹಡಪದ ಮನೆತನದವರ ಒಂದು ಅಂಗಡಿ ಇತ್ತು. ಬಾಗಿಲ ಹೊರಗೆ ಎಷ್ಟೋ ಹೊತ್ತು ನಿಂತಿದ್ದೆ. ಒಳಗಿದ್ದ ಹಿರಿಯರು ನೋಡಿ, ‘ಯಾಕ ನಿಂತೀಯೋ ತಮ್ಮಾ, ಒಳಗ ಬಾ, ಕುಂದ್ರು’ ಅಂದರು. ಯಾವ ಊರು ಎಂದು ಕೇಳಿದರು. ಯಾರ ಪೈಕಿ ಎಂದು ಕೇಳಲಿಲ್ಲ.

ಆ ದಾಡಿ ನನಗೆ ಇವತ್ತಿಗೂ ಕೈ ಮುಟ್ಟಿದಷ್ಟು ನೆನಪಿದೆ. ಬಿಳಿ ಬಟ್ಟೆಯನ್ನು ಒಮ್ಮೆ ಝಾಡಿಸಿ ಕುತ್ತಿಗೆಗೆ ಕಟ್ಟಿದರು. ಗಡ್ಡವನ್ನು ನೀರಿನಿಂದ ಚೆನ್ನಾಗಿ ನೆನೆಸಿದರು. ನೆನೆಯದ ಕೂದಲಿಗೆ ಉಸ್ತರಾ ಹಾಕಿದರೆ ಎಳೆಯುತ್ತದೆ, ಉರಿಯುತ್ತದೆ. ನಮ್ಮ ಸಣ್ಣಪ್ಪನಿಗೆ ಇದು ಗೊತ್ತಿರಲಿಲ್ಲ. ಬಟ್ಟಲಲ್ಲಿ ಬ್ರಶ್ ತಿರುವಿ ತಿರುವಿ ನೊರೆ ಎಬ್ಬಿಸಿ, ಮುಖದ ಮೇಲೆ ಕೆಳಗಿನಿಂದ ಮೇಲಕ್ಕೆ ಸುತ್ತುತ್ತಾ ಹಚ್ಚಿದರು. ಉಸ್ತರಾವನ್ನು ಚರ್ಮದ ಪಟ್ಟಿಗೆ ಆಚೆ ಈಚೆ ಎಳೆದರು. ಹೆಬ್ಬೆರಳಿನಿಂದ ಕೆನ್ನೆಯ ಚರ್ಮ ಬಿಗಿಹಿಡಿದು, ಕಿವಿಯ ಬದಿಯಿಂದ ಕೂದಲು ಬೆಳೆದ ದಿಕ್ಕಿಗೇ ಮೊದಲು ಇಳಿಸಿದರು. ಮತ್ತೊಮ್ಮೆ ನೊರೆ ಹಚ್ಚಿ ಎರಡನೆಯ ಸಲ ಅಡ್ಡ ಎಳೆದರು. ಗಂಟಲ ಮಣಿಯ ಹತ್ತಿರ ಬಂದಾಗ ‘ಉಗುಳು ನುಂಗಬ್ಯಾಡ’ ಎಂದು ಮೆಲ್ಲಗೆ ಹೇಳಿದರು. ಕೊನೆಗೆ ಒದ್ದೆ ಫಟಕಡಿ (ಪಟಿಕ) ಉಜ್ಜಿದಾಗ ಚುರುಗುಟ್ಟಿ ಆಮೇಲೆ ತಂಪಾಯಿತು. ಬೇರೆ ಜಾತಿಯವರೊಬ್ಬರು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಅತ್ತಿತ್ತ ತಿರುಗಿಸಿ, ಕೆಲಸ ಸರಿಯಾಯಿತೇ ಎಂದು ನೋಡಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಆ ಹಿರಿಯರು ಈಗಿಲ್ಲ. ಅವರ ಮಗ ಅಂಗಡಿ ನಡೆಸುತ್ತಾರೆ. ಉಸ್ತರಾಗೆ ಈಗ ಅರ್ಧ ಬ್ಲೇಡ್ ಸಿಕ್ಕಿಸುತ್ತಾರೆ. ಪ್ರತಿ ಗಿರಾಕಿಗೂ ನನ್ನ ಕಣ್ಣೆದುರೇ ಕಾಗದ ಬಿಚ್ಚಿ ಹೊಸದನ್ನು ಮುರಿದು ಹಾಕುತ್ತಾರೆ. ಬ್ಲೇಡಿನಿಂದ ಕಾಮಾಲೆಯಂಥ ರೋಗ ಹರಡದಿರಲು ಇದು ಬೇಕೇ ಬೇಕು. ಅದಕ್ಕಾಗಿ ಏಸಿ ಹಾಕಿದ ದುಬಾರಿ ಸಲೂನಿಗೇ ಹೋಗಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಈಚೆಗೆ ಮೊಮ್ಮಗನನ್ನು ಅದೇ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಖುರ್ಚಿಯಲ್ಲಿ ಕೂತವನು ಕನ್ನಡಿಯಲ್ಲೇ ನನ್ನನ್ನು ನೋಡಿ, ‘ಮುತ್ಯಾ, ನಮ್ಮೂರಾಗ ಅಂವ ನಮಗ್ಯಾಕ ಮಾಡಂಗಿಲ್ಲ?’ ಅಂದ. ನಾನು ಉತ್ತರ ಹುಡುಕುತ್ತಿದ್ದಾಗ ಅಂಗಡಿಯವರೇ ಮಾತಾಡಿದರು. ‘ನಮ್ಮ ಕಾಕಾನೂ ಹಳ್ಳ್ಯಾಗ ಅಂಗಡಿ ಇಟ್ಟಿದ್ದ. ನಿಮ್ಮವರಿಗೆ ಮಾಡಿದ್ರ ಊರ ಮಂದಿ ಬರಂಗಿಲ್ಲ ಅಂತಾರ. ಮಾಡ್ಲಿಲ್ಲ ಅಂದ್ರ ಪೊಲೀಸ್ರು ಬರ್ತಾರ. ಕಡೀಕ ಬೀಗ ಹಾಕ್ಕೊಂಡು ಪುಣೇಕ ದುಡಿಯಾಕ ಹೋದ.’

ನನ್ನ ಪತ್ರದ ಮುಖ್ಯ ಮಾತು ಇದೇ. ಶಟರ್ ಇಳಿಸುವ ಕೈ ಕ್ಷೌರಿಕನದ್ದು, ಇಳಿಸು ಎನ್ನುವ ಬಾಯಿ ಬೇರೆಯವರದ್ದು. ಹಿಂದೆ ಕ್ಷೌರಿಕರಿಗೆ ರೊಕ್ಕ ಕೊಡುತ್ತಿರಲಿಲ್ಲ. ವರ್ಷವಿಡೀ ಮನೆಮನೆಗೆ ಹೋಗಿ ಕ್ಷೌರ ಮಾಡಿದವನು ರಾಶಿಯ ಕಾಲಕ್ಕೆ ಕಣಕ್ಕೆ ಹೋಗಿ ಕೂಲಿಗೆ ಬದಲಾಗಿ ಕೊಡುವ ಜೋಳ, ಅಂದರೆ ಆಯ ಕೇಳಬೇಕಿತ್ತು. ಹೊಲ ಇದ್ದವರ ಮಾತು ಮೀರಿದರೆ ಆಯ ನಿಲ್ಲುತ್ತಿತ್ತು. ಈಗ ರೊಕ್ಕ ಬಂದಿದೆ, ಆದರೆ ಅಂಗಡಿ ನಿಂತ ಜಾಗ ಅವರದ್ದೇ, ಗಿರಾಕಿಗಳೂ ಅವರೇ. ಜತೆಗೆ ಕ್ಷೌರಿಕರೇನು ಮರ್ಯಾದೆ ಕಂಡವರಲ್ಲ. ಬೆಳಿಗ್ಗೆ ಎದುರಾದರೆ ಅಪಶಕುನ ಎಂದು ಮುಖ ತಿರುಗಿಸುವವರು, ಅವರ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡವರು ಈಗಲೂ ಇದ್ದಾರೆ. ಅದೇ ಕಸುಬಿನ ಮನೆತನದ ಶರಣ ಹಡಪದ ಅಪ್ಪಣ್ಣನವರು ಕಲ್ಯಾಣದಲ್ಲಿ ಬಸವಣ್ಣನವರ ಪಕ್ಕದಲ್ಲೇ ಇದ್ದವರು. ನಮ್ಮಪ್ಪನಂತೆ ಚರ್ಮದ ಕೆಲಸದವರಾದ ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ ಅವರ ಜತೆಯ ಶರಣರು. ಆ ಬಸವಕಲ್ಯಾಣ ನಮ್ಮ ಬೀದರ್ ಜಿಲ್ಲೆಯಲ್ಲೇ ಇದೆ. ಅಪ್ಪಣ್ಣನವರ ಜಯಂತಿಯನ್ನು ಸರ್ಕಾರವೇ ಆಚರಿಸುತ್ತದೆ. ಹಡಪದ ಮತ್ತು ಸವಿತಾ ಎಂಬ ಕ್ಷೌರಿಕ ಸಮಾಜಗಳ ಮುಖಂಡರು ಆ ವೇದಿಕೆಯಿಂದಲೇ ಈ ಮಾತು ಎತ್ತಬೇಕೆಂದು ಕೈಮುಗಿದು ಕೇಳುತ್ತೇನೆ.

ಕಾನೂನಿಗೆ ಕೊರತೆ ಇಲ್ಲ. ಸಂವಿಧಾನದ 15ನೇ ವಿಧಿ ಜಾತಿಯ ಕಾರಣಕ್ಕೆ ಯಾರನ್ನೂ ಅಂಗಡಿಯಿಂದ ದೂರ ಇಡಬಾರದು ಎನ್ನುತ್ತದೆ. ಕೇಳಿ ಬಂದವರಿಗೆ ಸೇವೆ ಕೊಡುವ ಜಾಗಗಳೂ ಇದರೊಳಗೆ ಬರುತ್ತವೆ ಎಂದು ಬಾಬಾಸಾಹೇಬರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲೇ ಸ್ಪಷ್ಟಪಡಿಸಿದ್ದರು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದರೆ 1ರಿಂದ 6 ತಿಂಗಳವರೆಗೆ ಜೈಲು. ಪರಿಶಿಷ್ಟರ ಮೇಲೆ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದನ್ನು, ಹಾಗೆಂದು ಬೆದರಿಸುವುದನ್ನು 2015ರ ತಿದ್ದುಪಡಿ ದೌರ್ಜನ್ಯ ತಡೆ ಕಾಯ್ದೆಗೆ ಸೇರಿಸಿದೆ. ಆದರೆ ಕೇರಿಯವರಿಗೆ ಕ್ಷೌರ ಮಾಡಿದ ತಪ್ಪಿಗೆ ಊರ ದೊಡ್ಡವರು ಸದ್ದಿಲ್ಲದೆ ಬರುವುದನ್ನು ನಿಲ್ಲಿಸಿದರೆ, ಕ್ಷೌರಿಕ ಯಾವ ಠಾಣೆಗೆ ಹೋಗಬೇಕು?

ನಮ್ಮೂರಲ್ಲಿ ಒಮ್ಮೆ ಅಧಿಕಾರಿಗಳು ಬಂದು, ಪೊಲೀಸರನ್ನು ನಿಲ್ಲಿಸಿ, ಕೇರಿಯ ಇಬ್ಬರಿಗೆ ಕಟಿಂಗ್ ಮಾಡಿಸಿ, ಫೋಟೊ ತೆಗೆಸಿಕೊಂಡು ಹೋದರು. ಜೀಪು ಹೋದ ಮೇಲೆ ಅಂಗಡಿ ಎಲ್ಲರಿಗೂ ಬಂದ್ ಆಯಿತು. ‘ನಿಮ್ಮಿಂದ ನಾವೂ ತಾಲ್ಲೂಕಿಗೆ ಹೋಗುವ ಹಾಗಾಯ್ತು’ ಎಂಬ ಬೈಗುಳ ಕೇರಿಯ ಪಾಲಿಗೆ ಬಂತು. ಅಂಗಡಿ ಮತ್ತೆ ತೆರೆದಾಗ ಹಳೆಯ ಪದ್ಧತಿಯೂ ಹಿಂದೆಯೇ ಬಂತು.

ಆದ್ದರಿಂದ ಗ್ರಾಮ ಪಂಚಾಯಿತಿಗಳು ತಮ್ಮ ಮಳಿಗೆಯೊಂದನ್ನು ಕ್ಷೌರದಂಗಡಿಗೆಂದು ಕಡಿಮೆ ಬಾಡಿಗೆಗೆ ಕೊಡಲಿ. ನೀರು, ವಿದ್ಯುತ್ ಒದಗಿಸಲಿ. ಎಲ್ಲರಿಗೂ ಒಂದೇ ಖುರ್ಚಿ, ಒಂದೇ ಸರದಿ ಎಂಬ ಷರತ್ತನ್ನು ಕರಾರಿನಲ್ಲೇ ಬರೆಯಲಿ. ಜಾಗ ಪಂಚಾಯಿತಿಯದ್ದಾದರೆ ಖಾಲಿ ಮಾಡು ಎಂದು ಕ್ಷೌರಿಕನನ್ನು ಯಾರೂ ಹೆದರಿಸಲಾಗದು. ಮೊದಲ ಕೆಲವು ತಿಂಗಳು ಪಂಚಾಯಿತಿ ಸದಸ್ಯರು, ಊರ ಗೌಡರು, ಶಾಲೆಯ ಮಾಸ್ತರರು ಅಲ್ಲಿಗೇ ಬಂದು ಕೇರಿಯವರ ಪಕ್ಕ ಬೆಂಚಿನ ಮೇಲೆ ಕೂತು ತಮ್ಮ ಸರದಿ ಕಾಯಲಿ. ಪೊಲೀಸರು ಕ್ಷೌರಿಕನ ಮೇಲಷ್ಟೇ ಕೇಸು ಬರೆದು ಕೈತೊಳೆದುಕೊಳ್ಳದೆ, ಅವನಿಗೆ ಬೆದರಿಕೆ ಹಾಕಿದವರು ಯಾರೆಂದು ವಿಚಾರಿಸಲಿ. ದೌರ್ಜನ್ಯ ತಡೆ ಸಹಾಯವಾಣಿ 14566 ಎಂಬುದನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ.

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ನಾನೂ ನನ್ನ ಅಣ್ಣನೂ ನಮ್ಮೂರ ಪಂಚಾಯಿತಿಗೆ ಅರ್ಜಿ ಬರೆದಿದ್ದೇವೆ. ಅದರ ಪ್ರತಿಯನ್ನು ಜಿಲ್ಲಾ ಪಂಚಾಯಿತಿಗೂ ಕಳಿಸುತ್ತಿದ್ದೇವೆ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಬೇರೆ ಊರುಗಳಲ್ಲೂ ಇದೇ ಸಂಕಟ ಇರುವವರು ಹೀಗೇ ಅರ್ಜಿ ಕೊಡಬೇಕು, ಸ್ವೀಕೃತಿಯ ರಸೀದಿ ತಪ್ಪದೆ ಪಡೆಯಬೇಕು ಎಂದು ವಿನಂತಿಸುತ್ತೇನೆ.

– ನಿವೃತ್ತ ಬಸ್ ಮೆಕ್ಯಾನಿಕ್, ಬ್ರಹ್ಮಪುರ, ಕಲಬುರಗಿ